ರೈಲು ಹತ್ತದ 18 ಮಕ್ಕಳ ಪರವಾಗಿ ನಮ್ಮ ಯುವದಳದ ಸಮಿತಿಗೆ ಒಂದು ಬಹಿರಂಗ ಪತ್ರ

ನಮ್ಮ ಯುವದಳದ ಗೌರವಾನ್ವಿತ ಅಧ್ಯಕ್ಷರಿಗೂ ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೂ ಸಾದರ ವಂದನೆಗಳು.

ವಿಷಯ: ಕಳೆದ ಬೇಸಿಗೆ ರಜೆಯ ನೀಲಗಿರಿ ಶಿಬಿರದಲ್ಲಿ ಬೆಟ್ಟದ ರೈಲಿನ ಸೀಟುಗಳನ್ನು ಹಂಚಿದ ರೀತಿ.

ಹನ್ನೊಂದು ವರ್ಷಗಳಿಂದ ನಾನು ಈ ದಳದ ಸ್ವಯಂಸೇವಕಿ. ಮಕ್ಕಳು ನನ್ನನ್ನು ಅಕ್ಕ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ನಮ್ಮ ನಡುವಿನ ಭಿನ್ನಾಭಿಪ್ರಾಯವನ್ನು ಎಂದೂ ಹೊರಗೆ ಆಡಿದವಳಲ್ಲ. ಶಿಬಿರದಿಂದ ಬಂದ ಮೇಲೆ ಇದೇ ವಿಷಯವಾಗಿ ಸಮಿತಿಗೆ ಎರಡು ಪತ್ರ ಬರೆದೆ, ಎರಡಕ್ಕೂ ಉತ್ತರ ಬರಲಿಲ್ಲ. ಕಳೆದ ತಿಂಗಳು ಪೋಷಕರ ಸಭೆಯಲ್ಲಿ ಹಂಚಿದ ವರದಿಯಲ್ಲಿ ‘ದಳದ ಎಲ್ಲ ಮಕ್ಕಳೂ ಪಾರಂಪರಿಕ ರೈಲಿನಲ್ಲಿ ಪ್ರಯಾಣಿಸಿ ಶಿಬಿರ ತಲುಪಿದರು’ ಎಂದು ಅಚ್ಚಾಗಿತ್ತು. ಅದು ನಿಜವಲ್ಲ. ವರದಿಯನ್ನು ಕೈಯಲ್ಲಿ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ನನ್ನ ಮುಖ ನೋಡಿದರು. ಅವರ ಮಗ ಆ ರೈಲನ್ನು ಹತ್ತಿರಲಿಲ್ಲ. ಈ ಪತ್ರವನ್ನು ಎಲ್ಲರೆದುರು ಬರೆಯಲು ನಿರ್ಧರಿಸಿದ್ದು ಆ ಕ್ಷಣದಲ್ಲಿ.

ನಡೆದದ್ದನ್ನು ನಾನು ಕಂಡಂತೆ ಹೇಳುತ್ತೇನೆ.

ಶಿಬಿರಕ್ಕೆ ಹೋಗಲು ಬಸ್ಸು ಸಾಕಾಗಿತ್ತು. ಆದರೂ ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಊಟಿಗೆ ಏರುವ ಬೆಟ್ಟದ ರೈಲಿನಲ್ಲೇ ಹೋಗಬೇಕೆಂದು ಜನವರಿಯಲ್ಲಿ ನಿರ್ಧರಿಸಿದವರು ನೀವೇ. ಅದೊಂದು ಒಳ್ಳೆಯ ನಿರ್ಧಾರ ಎಂದು ಈಗಲೂ ನಂಬುತ್ತೇನೆ. ಆ ರೈಲನ್ನು ಮಕ್ಕಳಿಗೆ ಪರಿಚಯಿಸುವ ಕೆಲಸವನ್ನು ನನಗೆ ವಹಿಸಿದಿರಿ. ಮೂರು ತಿಂಗಳ ಕಾಲ ಪ್ರತಿ ಭಾನುವಾರ ಬೆಳಿಗ್ಗೆ ನಾವು ಅದನ್ನೇ ಓದಿದೆವು, ಬರೆದೆವು, ಬಿಡಿಸಿದೆವು. 46 ಕಿಲೋಮೀಟರ್ ದಾರಿ, 16 ಸುರಂಗ, 208 ತಿರುವು, 250 ಸೇತುವೆ. ಸಮುದ್ರ ಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರ್ ಎತ್ತರದ ಊಟಿಗೆ ಏರುವ ಆ ಹಾದಿಯನ್ನು ಮಕ್ಕಳು ಗೋಡೆಯುದ್ದದ ಕಾಗದದ ಮೇಲೆ ಬರೆದರು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ರೈಲು ಬಂತು ಎಂಬುದನ್ನೂ 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು ಎಂಬುದನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಾಗಿದ್ದರು.

ಅವರಲ್ಲಿ ಒಬ್ಬ ಹುಡುಗ ವಿದ್ಯಾರ್ಥಿನಿಲಯದಲ್ಲಿದ್ದು ಓದುವವನು, ಎಂಟನೆಯ ತರಗತಿ. ಕಲ್ಲಾರಿನಿಂದ ಕೂನೂರಿನವರೆಗೆ ಹಾದಿ ಎಷ್ಟು ಕಡಿದೆಂದರೆ ಕೆಲವೆಡೆ ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಬರೀ ಹಳಿಯ ಮೇಲೆ ಗಾಲಿ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ, ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಏರುತ್ತದೆ. ಈ ಹುಡುಗ ಅದನ್ನು ಕೇಳಿಸಿಕೊಂಡು ಸುಮ್ಮನಾಗಲಿಲ್ಲ. ಹಳೆಯ ರಟ್ಟಿನ ಡಬ್ಬಗಳನ್ನು ಕತ್ತರಿಸಿ, ಹಲ್ಲಿನ ಪಟ್ಟಿಯನ್ನೂ ಚಕ್ರವನ್ನೂ ಮಾಡಿ, ಇಳಿಜಾರಿನ ಹಲಗೆಯ ಮೇಲೆ ಇಟ್ಟು ತೋರಿಸಿದ. ಮೊದಲ ಮೂರು ಸಲ ಹಲ್ಲುಗಳು ಹೊಂದಲಿಲ್ಲ. ನಾಲ್ಕನೆಯ ಸಲ ಚಕ್ರ ಹತ್ತಿತು. ಆ ದಿನ ಸಮಿತಿಯ ಇಬ್ಬರು ಸದಸ್ಯರು ಬಂದು ಅವನ ಬೆನ್ನು ತಟ್ಟಿದ್ದಿರಿ. ಅದನ್ನು ನೀವು ಮರೆತಿರಲಾರಿರಿ.

ಹೊರಟ ಮರುದಿನ ಸಂಜೆ ಮೆಟ್ಟುಪಾಳ್ಯ ತಲುಪಿ ಒಂದು ಛತ್ರದಲ್ಲಿ ಉಳಿದೆವು. ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಶಿಬಿರದ ಸಂಚಾಲಕರು ಒಂದು ಪಟ್ಟಿ ಓದಿದರು. ಹೋದವರು 38 ಮಕ್ಕಳು, ರೈಲಿನಲ್ಲಿ ಮಕ್ಕಳಿಗೆ ಸಿಕ್ಕ ಸೀಟು 20. ಉಳಿದ 18 ಮಕ್ಕಳು ಸಾಮಾನಿನೊಂದಿಗೆ ವ್ಯಾನಿನಲ್ಲಿ ಬರಬೇಕು ಎಂದರು. ಸೀಟು ಕಡಿಮೆ ಇದೆ ಎಂಬುದು ಮಕ್ಕಳಿಗೆ ಹೋಗಲಿ, ಜೊತೆಗಿದ್ದ ನಮಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆಯ್ಕೆ ಹೇಗಾಯಿತು ಎಂದು ಒಬ್ಬ ಹುಡುಗಿ ಎದ್ದು ಕೇಳಿದಳು. ಮೊದಲು ಹಣ ಕಟ್ಟಿದವರಿಗೆ ಮೊದಲ ಆದ್ಯತೆ ಎಂಬ ಉತ್ತರ ಬಂತು. ಆಕೆ ಕುಳಿತಳು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಬೆಳಿಗ್ಗೆ ಏಳಕ್ಕೆ ಮುಂಚೆ 38 ಮಕ್ಕಳನ್ನೂ ನಿಲ್ದಾಣಕ್ಕೆ ಕರೆದೊಯ್ದದ್ದು ಇನ್ನೊಂದು ತಪ್ಪು. ಬೀಳ್ಕೊಡಲಿ ಎಂಬ ಸದುದ್ದೇಶವೇ ಇದ್ದಿರಬಹುದು. ಆದರೆ ನೀಲಿ ಬಣ್ಣದ ಆ ಪುಟ್ಟ ಬೋಗಿಗಳು, ಹಿಂದೆ ಹೊಗೆಯುಗುಳುತ್ತ ನಿಂತ ಎಂಜಿನ್, ಪ್ರತಿ ಬೋಗಿಯ ಮುಂದೆ ಬ್ರೇಕು ಹಿಡಿದು ನಿಲ್ಲುವ ಸಿಬ್ಬಂದಿ, ಇವೆಲ್ಲವನ್ನೂ ಮೂರು ತಿಂಗಳು ಚಿತ್ರದಲ್ಲಿ ನೋಡಿದ ಮಕ್ಕಳು ಈಗ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತು ನೋಡಿ, ರೈಲು ಹೊರಟ ಮೇಲೆ ತಿರುಗಿ ವ್ಯಾನಿನ ಕಡೆ ನಡೆಯಬೇಕಾಯಿತು. ರಟ್ಟಿನ ಚಕ್ರ ಮಾಡಿದ ಹುಡುಗ ಎಂಜಿನ್ನಿನ ಪಕ್ಕದಲ್ಲಿ ಬಗ್ಗಿ ಅಡಿಯಲ್ಲಿ ಹಲ್ಲುಚಕ್ರ ಕಾಣುತ್ತದೆಯೇ ಎಂದು ಹುಡುಕುತ್ತಿದ್ದ. ಸಂಚಾಲಕರು ಹೊತ್ತಾಯಿತು ಎಂದು ಅವನನ್ನು ಕರೆದರು.

ನಾನು ವ್ಯಾನಿನಲ್ಲಿ ಹೋದೆ. ನನ್ನ ಮಗಳು ರೈಲಿನಲ್ಲಿದ್ದಳು. ಇದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಆ ಪಟ್ಟಿಯಿಂದ ಲಾಭ ಪಡೆದವರಲ್ಲಿ ನನ್ನ ಮನೆಯೂ ಒಂದು.

ವ್ಯಾನಿನ ಪ್ರಯಾಣಕ್ಕೆ ಯಾವ ಸಿದ್ಧತೆಯೂ ಆಗಿರಲಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಅದಕ್ಕೆ ಹಣವಿಲ್ಲ, ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ. ಯಾರೂ ಅದನ್ನು ಮಾಡಿರಲಿಲ್ಲ. ತಪಾಸಣೆಯ ಜಾಗದಲ್ಲಿ ವ್ಯಾನನ್ನು ಬದಿಗೆ ನಿಲ್ಲಿಸಿ, ಸರಿಯಾಗಿ ಸಿಗದ ನೆಟ್‌ವರ್ಕ್‌ನಲ್ಲಿ ಚಾಲಕರೇ ಅರ್ಜಿ ತುಂಬಿದರು. ಬಾಟಲಿಗಳಲ್ಲಿ ತಂದಿದ್ದ ನೀರೂ ಅಲ್ಲೇ ಹೋಯಿತು. ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಎಷ್ಟೋ ವರ್ಷಗಳಿಂದ ನಿಷೇಧವಿದೆ, ಅದು ಸರಿಯಾದ ನಿಯಮವೂ ಹೌದು. ನಮ್ಮ ದಳದಂಥ ಸಂಸ್ಥೆಗೆ ಅದು ಮೊದಲೇ ಗೊತ್ತಿರಬೇಕಿತ್ತು. ಸ್ಟೀಲ್ ಬಾಟಲಿ ತನ್ನಿ ಎಂಬ ಸೂಚನೆ ಬಂದದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಈ 18 ಮಕ್ಕಳಲ್ಲಿ ಬಹುಪಾಲು ಮಕ್ಕಳ ಮನೆಯವರು ಆ ಗುಂಪಿನಲ್ಲಿ ಇಲ್ಲ.

ಮಾನ್ಯರೇ, ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹಣ ಕಟ್ಟುವ ಕೊನೆಯ ದಿನಾಂಕದ ಸೂಚನೆಯೂ ಅದೇ ಗುಂಪಿಗೆ ಹೋಗಿತ್ತು. ಅಂದ ಮೇಲೆ ‘ಮೊದಲು ಕಟ್ಟಿದವರಿಗೆ ಮೊದಲು’ ಎಂಬುದು ಯಾರನ್ನು ಮೊದಲಿಗರನ್ನಾಗಿ ಮಾಡುತ್ತದೆ? ವಿದ್ಯಾರ್ಥಿನಿಲಯದ ಮಕ್ಕಳು, ಕೂಲಿಗೆ ಹೋಗುವವರ ಮಕ್ಕಳು, ಒಂದೇ ಮೊಬೈಲಿರುವ ಮನೆಯ ಮಕ್ಕಳು ಮುಂದಿನ ಭಾನುವಾರ ಬಂದು ಕೇಳಿದ ಮೇಲಷ್ಟೇ ಹಣ ತಂದುಕೊಟ್ಟರು. ತಡವಾದದ್ದು ನಾಲ್ಕೈದು ದಿನ. ಕಟ್ಟಿದ ಶುಲ್ಕದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ.

ರಸ್ತೆಯಲ್ಲಿ ಒಂದು ಕಡೆ ವ್ಯಾನ್ ನಿಂತಾಗ ಕಣಿವೆಯ ಆಚೆಯಿಂದ ರೈಲಿನ ಕೂಗು ಕೇಳಿತು. ಮಕ್ಕಳೆಲ್ಲ ಒಂದೇ ಬದಿಯ ಕಿಟಕಿಗೆ ಸರಿದರು. ಮರಗಳ ಸಂದಿನಲ್ಲಿ ಹೊಗೆ ಮಾತ್ರ ಕಂಡಿತು. ‘ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸಿಕೊಳ್ಳುತ್ತಾರೆ, ಅಲ್ಲವೇ ಅಕ್ಕಾ?’ ಎಂದು ಒಬ್ಬಳು ಕೇಳಿದಳು. ಹೌದು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧ್ವನಿ ಬರಲಿಲ್ಲ.

ತಡವಾದರೂ ನಾವೇ ಮೊದಲು ತಲುಪಿದೆವು. ಕೇತಿ ಕಣಿವೆಯ ಕಡೆ ಶಿಬಿರಕ್ಕೆಂದು ಗೊತ್ತುಮಾಡಿದ್ದ ಜಾಗದಲ್ಲಿ ಈ 18 ಮಕ್ಕಳು ವ್ಯಾನಿನಿಂದ 38 ಜನರ ಹೊರೆಯನ್ನೂ ಇಳಿಸಿದರು. ನೆಲ ಹಸನು ಮಾಡಿ, ಗೂಟ ಹೊಡೆದು, ಹಗ್ಗ ಬಿಗಿದು, ಮಳೆ ಬಂದರೆ ನೀರು ಒಳಗೆ ನುಗ್ಗದಂತೆ ಸುತ್ತ ಕಾಲುವೆ ತೋಡಿ, ಎಲ್ಲ ಡೇರೆಗಳನ್ನೂ ನಿಲ್ಲಿಸಿದರು. ಯಾರೂ ಗೊಣಗಲಿಲ್ಲ. ಡೇರೆ ಹಾಕುವುದು ಶಿಬಿರದ ಸಂತೋಷಗಳಲ್ಲಿ ಒಂದು, ಅದು ಶಿಕ್ಷೆಯಲ್ಲ. ಆದರೆ ರೈಲಿನ ಮಕ್ಕಳು ಬಂದು ಸಿದ್ಧವಾದ ಡೇರೆಗಳೊಳಗೆ ಚೀಲ ಇಟ್ಟಾಗ ಅಲ್ಲೊಂದು ಗೆರೆ ಬಿದ್ದಿತ್ತು. ಮುಂದಿನ ಮೂರು ದಿನ ಆ ಗೆರೆ ಅಳಿಸಲಿಲ್ಲ. ಊಟಕ್ಕೆ ಕುಳಿತಾಗಲೂ ಅವರು ಎರಡು ಗುಂಪು.

ಅದನ್ನು ಅಳಿಸುವ ಅವಕಾಶ ಶಿಬಿರಾಗ್ನಿಯಲ್ಲಿ ಇತ್ತು. ಬದಲಿಗೆ ಸಂಚಾಲಕರು ರೈಲಿನ ಅನುಭವ ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಸುರಂಗದ ಕತ್ತಲಲ್ಲಿ ಎಲ್ಲರೂ ಕೂಗಿದ್ದು, ಬಂಡೆಗಳ ನಡುವೆ ಬಿಳಿ ನೂಲಿನಂತೆ ಇಳಿಯುತ್ತಿದ್ದ ನೀರು, ರನ್ನಿಮೀಡ್‌ನಲ್ಲಿ ಇಳಿದು ಎಂಜಿನ್ನಿನ ಬಿಸಿಗೆ ಕೈ ಒಡ್ಡಿದ್ದು, ಕೂನೂರಿನಲ್ಲಿ ಉಗಿಬಂಡಿ ಕಳಚಿ ಡೀಸೆಲ್ ಎಂಜಿನ್ ಬಂದದ್ದು. ಚೆನ್ನಾಗಿಯೇ ಹೇಳಿದರು. ಬೆಂಕಿಯ ಆಚೆ ಬದಿಯಲ್ಲಿ 18 ಮುಖಗಳು ನೆಲ ನೋಡುತ್ತಿದ್ದವು. ಮರುದಿನ ಪ್ರಬಂಧ ಸ್ಪರ್ಧೆ. ವಿಷಯ: ‘ಬೆಟ್ಟದ ರೈಲಿನಲ್ಲಿ ನನ್ನ ಪಯಣ’.

ಮೆಟ್ಟುಪಾಳ್ಯದ ಛತ್ರದಲ್ಲಿ ಎದ್ದು ಪ್ರಶ್ನೆ ಕೇಳಿದ್ದ ಹುಡುಗಿ ಹಾಳೆ ಹಿಡಿದು ನನ್ನ ಬಳಿ ಬಂದಳು. ‘ಅಕ್ಕಾ, ನಾನು ಏನು ಬರೆಯಲಿ?’ ಎಂದಳು. ನಿನಗೆ ತಿಳಿದದ್ದನ್ನು ಬರೆ ಎಂದೆ. ಆಕೆ ಹಾಳೆಯ ತುಂಬ ಸುರಂಗಗಳ ಸಂಖ್ಯೆ, ಸೇತುವೆಗಳ ಸಂಖ್ಯೆ, ನಿಲ್ದಾಣಗಳ ಹೆಸರು, ಎಲ್ಲವನ್ನೂ ತಪ್ಪಿಲ್ಲದೆ ಬರೆದಳು. ಕೊನೆಯ ಸಾಲು ಹೀಗಿತ್ತು: ‘ಹೊಗೆ ಕಂಡಿತು.’ ಆ ಹಾಳೆ ನನ್ನ ಬಳಿ ಇದೆ. ಅನುಭವದ ವಿವರಣೆ ಇಲ್ಲ ಎಂದು ತೀರ್ಪುಗಾರರು ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದಾರೆ. ಮೂರು ಬಹುಮಾನಗಳೂ ರೈಲಿನಲ್ಲಿ ಬಂದವರಿಗೆ ಹೋದವು.

ಸೀಟು ಸಿಗದಿದ್ದರೆ ನಾವೇನು ಮಾಡುವುದು ಎಂದು ಸಮಿತಿಯ ಕೆಲವರು ಖಾಸಗಿಯಾಗಿ ಹೇಳಿದ್ದನ್ನು ಕೇಳಿದ್ದೇನೆ. ಆ ತೊಂದರೆ ನಿಜ. ಹಲ್ಲಿನ ಹಳಿಯ ಮೇಲೆ ಎಂಜಿನ್ ತಳ್ಳಬಲ್ಲದ್ದು ಕೆಲವೇ ಸಣ್ಣ ಬೋಗಿಗಳನ್ನು, ಮೆಟ್ಟುಪಾಳ್ಯದಿಂದ ಮೇಲಕ್ಕೆ ನಿತ್ಯದ ಸಂಚಾರ ದಿನಕ್ಕೆ ಒಂದೇ, ಅದೂ ಬೇಸಿಗೆ ರಜೆ. ಆದರೆ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆ. ಶಿಬಿರದ ದಿನಾಂಕ ನಮಗೆ ಜನವರಿಯಲ್ಲೇ ಗೊತ್ತಿತ್ತು. ಟಿಕೆಟಿಗೆ ಕೈಹಾಕಿದ್ದು ಹೊರಡುವ ಮೂರು ವಾರಗಳ ಮುಂಚೆ. ರೈಲಿನವರ ಮೇಲೆ ಹೊರಿಸಲು ಇಲ್ಲಿ ಏನೂ ಇಲ್ಲ.

ಅಷ್ಟರ ಮೇಲೂ ದಾರಿ ಇತ್ತು. ಕೂನೂರಿನಿಂದ ಊಟಿಗೆ ಸುಮಾರು 19 ಕಿಲೋಮೀಟರ್ ಹಾದಿ ಇದೇ ಪರಂಪರೆಯ ಮಾರ್ಗದ ಭಾಗ. ಅಲ್ಲಿ ದಿನಕ್ಕೆ ಹಲವು ರೈಲುಗಳು ಓಡುತ್ತವೆ. ವೆಲಿಂಗ್ಟನ್, ಅರುವಂಕಾಡು, ಕೇತಿ, ಲವ್‌ಡೇಲ್ ದಾಟಿ ಹೋಗುವ ಆ ಹಾದಿಯ ಚೆಲುವೂ ಕಡಿಮೆಯದಲ್ಲ. 38 ಮಕ್ಕಳನ್ನೂ ಕೂನೂರಿನವರೆಗೆ ವಾಹನದಲ್ಲಿ ಕರೆತಂದು, ಬೇಕಾದರೆ ಎರಡು ರೈಲುಗಳಲ್ಲಿ, ಎಲ್ಲರನ್ನೂ ಕೇತಿಯವರೆಗೆ ಕೂರಿಸಬಹುದಿತ್ತು. ಹಲ್ಲಿನ ಹಳಿ ತಪ್ಪುತ್ತಿತ್ತು, ನಿಜ. ಎಲ್ಲರಿಗೂ ತಪ್ಪುತ್ತಿತ್ತು. ಮಕ್ಕಳು ಅಂಥದ್ದನ್ನು ಸಹಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು ನನ್ನ ಕಿವಿಗೆ ಬಿತ್ತು. ಅದನ್ನು ಹೇಳಿದವರು ಯಾರೆಂದು ಬರೆಯುವುದಿಲ್ಲ. ‘ಆ ಮಕ್ಕಳಲ್ಲಿ ಕೆಲವರ ಶುಲ್ಕ ದಾನಿಗಳದ್ದು, ಬಂದದ್ದೇ ಹೆಚ್ಚು’ ಎಂಬ ಮಾತು. ಇದಕ್ಕೆ ಉತ್ತರವಾಗಿ ನಾವು ಪ್ರತಿವರ್ಷ ಮಕ್ಕಳಿಗೆ ಹೇಳುವ ಕಥೆಯನ್ನೇ ನೆನಪಿಸುತ್ತೇನೆ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಯೋಗ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಮಕ್ಕಳನ್ನು ಪಡೆಗಳೆಂಬ ಸಣ್ಣ ಗುಂಪುಗಳಾಗಿ ಮಾಡುವ ನಮ್ಮ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ವರ್ಗಭೇದ ಗಟ್ಟಿಯಾಗಿದ್ದ ಆ ಕಾಲದಲ್ಲಿ ಅವರು ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಬೇಕೆಂದೇ ಕರೆತಂದರು. ಶುಲ್ಕ ಒಂದೇ ಆಗಿರಲಿಲ್ಲ. ಉಳ್ಳವರಿಗೆ ಒಂದು ಪೌಂಡ್, ಉಳಿದವರಿಗೆ ಮೂರೂವರೆ ಶಿಲಿಂಗ್, ಅಂದರೆ ಆರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು. ಆದರೆ ತೋಳ, ಕಾಗೆ, ಗೂಳಿ, ಕಡಲಹಕ್ಕಿಗಳ ಹೆಸರಿನ ನಾಲ್ಕು ಪಡೆಗಳನ್ನು ಮಾಡಿದಾಗ ಯಾರು ಎಷ್ಟು ಕೊಟ್ಟರು ಎಂದು ನೋಡಿ ಹಂಚಲಿಲ್ಲ, ಎಲ್ಲರನ್ನೂ ಬೆರೆಸಿದರು. ಈ ಕಥೆಯನ್ನು ಹೇಳುವಾಗ ನಮ್ಮ ಧ್ವನಿಯಲ್ಲಿ ಹೆಮ್ಮೆ ಇರುತ್ತದೆ. ಮೆಟ್ಟುಪಾಳ್ಯದ ಛತ್ರದಲ್ಲಿ ನಾವು ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆವು. ನಾಲ್ಕು ಪಡೆಗಳಾಗಿ ಹೊರಟ ನಮ್ಮ ಮಕ್ಕಳನ್ನು ಹಣ ಕಟ್ಟಿದ ದಿನಾಂಕದ ಮೇಲೆ ಎರಡಾಗಿ ಸೀಳಿದೆವು.

ಆ ರೈಲಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುವಾಗ ನನಗೆ ಬಹಳ ಹಿಡಿಸಿದ ಸಂಗತಿ ಒಂದಿತ್ತು. ಬೆಟ್ಟ ಹತ್ತುವಾಗ ಎಂಜಿನ್ ಮುಂದೆ ಇರುವುದಿಲ್ಲ, ಕೆಳಗಿನ ತುದಿಯಲ್ಲಿದ್ದು ತಳ್ಳುತ್ತದೆ. ನಡುವಿನ ಕೊಂಡಿ ಕಳಚಿಕೊಂಡರೂ ಯಾವ ಬೋಗಿಯೂ ಹಿಂದಕ್ಕೆ ಉರುಳಿಹೋಗಬಾರದು ಎಂಬುದು ಆ ವ್ಯವಸ್ಥೆಯ ಮೂಲ ಕಾಳಜಿ. ನಮ್ಮ ಸಮಿತಿಯಿಂದ ನಾನು ನಿರೀಕ್ಷಿಸುವುದೂ ಅಂಥ ಕಾಳಜಿಯನ್ನೇ.

ನನ್ನ ಕೋರಿಕೆಗಳು ಇವು. ವರದಿಯಲ್ಲಿ ಅಚ್ಚಾದ ಆ ವಾಕ್ಯವನ್ನು ಮೊದಲು ತಿದ್ದಿ, ತಿದ್ದಿದ ಪ್ರತಿಯನ್ನು ಪೋಷಕರಿಗೆಲ್ಲ ಕಳುಹಿಸಿ. ಅದಕ್ಕೆ ಖರ್ಚೇನೂ ಇಲ್ಲ, ಧೈರ್ಯ ಬೇಕು ಅಷ್ಟೇ.

ಆಮೇಲೆ ಆ 18 ಮಕ್ಕಳನ್ನು ಆ ರೈಲಿಗೆ ಹತ್ತಿಸಿ. ಮುಂದಿನ ವರ್ಷದ ಶಿಬಿರದಲ್ಲಿ ನೋಡೋಣ ಎಂದು ದಯವಿಟ್ಟು ಹೇಳಬೇಡಿ, ಅವರಲ್ಲಿ ಆರು ಮಂದಿ ಮುಂದಿನ ವರ್ಷಕ್ಕೆ ದಳದ ವಯಸ್ಸನ್ನು ದಾಟುತ್ತಾರೆ. ದಸರಾ ರಜೆ ಸರಿಹೋಗುವುದಿಲ್ಲ. ಅಕ್ಟೋಬರ್‌ನಿಂದ ಈಶಾನ್ಯ ಮಳೆ ಹಿಡಿದರೆ ಹಳಿಯ ಮೇಲೆ ಮಣ್ಣು ಕುಸಿದು ಸಂಚಾರ ನಿಲ್ಲುವುದು ಆ ಹಾದಿಯಲ್ಲಿ ಮತ್ತೆ ಮತ್ತೆ ಆಗುವ ಸಂಗತಿ. ಸಂಕ್ರಾಂತಿ ಕಳೆದ ಮೇಲಿನ ಒಂದು ವಾರಾಂತ್ಯ ಆರಿಸಿ, ಕಾಯ್ದಿರಿಸುವಿಕೆ ತೆರೆದ ದಿನವೇ ಟಿಕೆಟ್ ತೆಗೆಸಿ. ಡೇರೆ, ಅಡುಗೆ ಯಾವುದೂ ಬೇಡ. ಮೆಟ್ಟುಪಾಳ್ಯದಲ್ಲಿ ಹತ್ತಿ ಊಟಿಯಲ್ಲಿ ಇಳಿದು ಬಂದರೆ ಸಾಕು. ಈ ಪ್ರಯಾಣಕ್ಕೆ ನನ್ನ ಪಾಲಿನ ಹಣವನ್ನು ನಾನು ಕೊಡುತ್ತೇನೆ, ಜೊತೆಗೆ ಹೋಗಲೂ ಸಿದ್ಧಳಿದ್ದೇನೆ. ರೈಲಿನಲ್ಲಿ ಹೋಗಿಬಂದ ಮಕ್ಕಳ ಪೋಷಕರಲ್ಲಿ ಏಳು ಮನೆಯವರು ಈಗಾಗಲೇ ಸಹಾಯ ಮಾಡುವ ಮಾತು ಕೊಟ್ಟಿದ್ದಾರೆ.

ಇನ್ನು ಮುಂದೆ ಯಾವ ಶಿಬಿರದಲ್ಲಾದರೂ ಒಂದು ಅವಕಾಶ ಎಲ್ಲರಿಗೂ ಸಾಲದೆ ಹೋದರೆ, ಅದನ್ನು ಮಕ್ಕಳ ಮುಂದೆ ಹೊರಡುವ ಮೊದಲೇ ಇಡಿ. ನಾಲ್ಕೂ ಪಡೆಗಳ ನಾಯಕರನ್ನು ಕೂರಿಸಿ ಕೇಳಿ. ಹೋಗುವಾಗ ಎರಡು ಪಡೆ, ಬರುವಾಗ ಎರಡು ಪಡೆ ಎಂಬ ಸರಳ ಉಪಾಯ ಅವರಿಗೆ ಐದು ನಿಮಿಷದಲ್ಲಿ ಹೊಳೆಯುತ್ತಿತ್ತು. ಶಿಬಿರದ ಮರುದಿನವೇ ಒಬ್ಬ ಪಡೆನಾಯಕ ಅದನ್ನು ನನಗೆ ಹೇಳಿದ. ಸೂಚನೆಗಳು ಮೊಬೈಲಿನ ಜೊತೆಗೆ ಕಾಗದದಲ್ಲೂ ಹೋಗಲಿ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಕೈಗೂ ತಲುಪಲಿ. ಶುಲ್ಕವನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬುದು ಲೆಕ್ಕದ ಪುಸ್ತಕದಿಂದ ಹೊರಗೆ ಬರದಿರಲಿ.

ಪ್ರಬಂಧ ಸ್ಪರ್ಧೆಯ ಬಗ್ಗೆಯೂ ಯೋಚಿಸಿ. ಕೊಟ್ಟ ಬಹುಮಾನವನ್ನು ಯಾರಿಂದಲೂ ಹಿಂದಕ್ಕೆ ಪಡೆಯುವುದು ಬೇಡ, ಬರೆದ ಮಕ್ಕಳ ತಪ್ಪು ಅದರಲ್ಲಿಲ್ಲ. ಆ ಹುಡುಗಿಯ ಹಾಳೆಯನ್ನು ನಮ್ಮ ದಳದ ವಾರ್ಷಿಕ ಸಂಚಿಕೆಯಲ್ಲಿ ಆಕೆಯ ಒಪ್ಪಿಗೆ ಪಡೆದು ಪೂರ್ತಿಯಾಗಿ ಪ್ರಕಟಿಸಿ ಎಂದು ಕೇಳುತ್ತೇನೆ.

ನನ್ನ ತಪ್ಪನ್ನೂ ಇಲ್ಲಿ ಬರೆಯಬೇಕು. ಆ ರಾತ್ರಿ ಪಟ್ಟಿ ಓದುವಾಗ ನಾನು ಅಲ್ಲೇ ಇದ್ದೆ. ನನ್ನ ಮಗಳ ಹೆಸರು ರೈಲಿನ ಪಟ್ಟಿಯಲ್ಲಿ ಬಂತು. ನಾನು ಬಾಯಿ ತೆರೆಯಲಿಲ್ಲ. ಹನ್ನೆರಡು ವರ್ಷದ ಒಬ್ಬ ಹುಡುಗಿ ಎದ್ದು ಕೇಳಿದ ಪ್ರಶ್ನೆಯನ್ನು ನಾನು ಕೇಳಬೇಕಾಗಿತ್ತು. ಮನೆಗೆ ಬಂದ ಮೇಲೆ ಮಗಳು, ‘ಅಮ್ಮಾ, ಅವತ್ತು ನೀನೇಕೆ ಏನೂ ಹೇಳಲಿಲ್ಲ?’ ಎಂದು ಕೇಳಿದಳು. ಅವಳಿಗೆ ಕೊಡಲು ನನ್ನ ಬಳಿ ಉತ್ತರ ಇರಲಿಲ್ಲ. ಆ 18 ಮಕ್ಕಳನ್ನೂ ಅವರ ಮನೆಯವರನ್ನೂ ನಾನು ಈ ಪತ್ರದ ಮೂಲಕ ಕ್ಷಮೆ ಕೇಳುತ್ತೇನೆ.

ಮಕ್ಕಳ ಹೆಸರುಗಳನ್ನು ಇಲ್ಲಿ ಬರೆದಿಲ್ಲ, ಅವು ಬಹಿರಂಗವಾಗುವುದು ಸರಿಯಲ್ಲ. ಹೆಸರುಗಳ ಪಟ್ಟಿಯನ್ನೂ ಆ ಪ್ರಬಂಧದ ಪ್ರತಿಯನ್ನೂ ಲಕೋಟೆಯಲ್ಲಿಟ್ಟು ದಳದ ಕಚೇರಿಗೆ ತಲುಪಿಸಿದ್ದೇನೆ. ಬರುವ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ನನ್ನನ್ನೂ ನಾಲ್ವರು ಪಡೆನಾಯಕರನ್ನೂ ಸಭೆಗೆ ಕರೆಯಿರಿ ಎಂದು ವಿನಂತಿಸುತ್ತೇನೆ. ರಟ್ಟಿನ ಹಲ್ಲುಚಕ್ರ ಇನ್ನೂ ನಮ್ಮ ಕೊಠಡಿಯ ಕಿಟಕಿಯ ಮೇಲಿದೆ. ಅದನ್ನು ಮಾಡಿದ ಹುಡುಗ ಕಳೆದ ಮೂರು ಭಾನುವಾರ ಬಂದಿಲ್ಲ.

ಇತಿ,
ತಮ್ಮ ವಿಶ್ವಾಸಿ,
ದಳದ ಒಬ್ಬ ಸ್ವಯಂಸೇವಕಿ